ಮುಹೂರ್ತದ ಮಾತ್ರೆ

ಲ್ಯಾಬ್ ಕೋರ್ಸು ಮುಗಿಸಿದ ಹುಡುಗ ಹುಡುಗಿಯರು ಆಗಾಗ ನಮ್ಮನೆಗೆ ಬರ್ತಾರೆ. "ಗಿರಿಜಾ ಮೇಡಂ, ಇಷ್ಟು ವರ್ಷ ಆಸ್ತಮಾ ಲ್ಯಾಬಲ್ಲಿ ಇದ್ರಿ, ನಮಗೇನಾದ್ರೂ ಟಿಪ್ಸ್ ಕೊಡಿ" ಅಂತಾರೆ. ನಾನು ಕೊಡೋ ಮೊದಲನೇ ಟಿಪ್ಸು: ಬೆಳಗ್ಗೆ ಹೊಟ್ಟೆ ತುಂಬ ತಿಂಡಿ ತಿಂದು ಹೋಗಿ. ಲ್ಯಾಬಿನ ಒಳಗೆ ಕಾಲಿಟ್ಟ ಮೇಲೆ ನೋಡೋದೆಲ್ಲ ಬೇರೆಯವರ ಕಫ. ಆಮೇಲೆ ತಿಂಡಿ ಸೇರಲ್ಲ.

ನಮ್ಮಮ್ಮ ಕೊನೇವರೆಗೂ ನೆಂಟರ ಹತ್ತಿರ "ನಮ್ಮ ಗಿರಿಜ ರಕ್ತ ಪರೀಕ್ಷೆ ಮಾಡ್ತಾಳೆ" ಅಂತ ಮಾತ್ರ ಹೇಳೋರು. ಕಫದ ಸುದ್ದಿ ಎತ್ತುತ್ತಿರಲಿಲ್ಲ. ನನ್ನ ನೋಡೋಕೆ ಗಂಡಿನ ಕಡೆಯವರು ಬಂದಾಗಂತೂ ರಕ್ತವನ್ನೂ ಬಿಟ್ಟು "ಆಫೀಸಲ್ಲಿದಾಳೆ" ಅಂದುಬಿಟ್ರು. ಮದುವೆ ಆದಮೇಲೆ ನಮ್ಮ ಯಜಮಾನರು "ಯಾವ ಆಫೀಸು ಕಣೇ?" ಅಂತ ಕೇಳಿದ್ರು. ಹೇಳಿದೆ. ಆವತ್ತು ಅವರು ಊಟ ಮಾಡಲಿಲ್ಲ.

ನಾನಿದ್ದಿದ್ದು ಜಯನಗರದ ಒಂದು ಎದೆರೋಗದ ಆಸ್ಪತ್ರೆಯಲ್ಲಿ. ಹೆಸರು ಬೇಡ ಬಿಡಿ, ಅಲ್ಲಿಯವರು ಈಗಲೂ ಹಬ್ಬಕ್ಕೆ ಸ್ವೀಟು ಕಳಿಸ್ತಾರೆ. ನಾನು ಸೇರಿದಾಗ ಆಸ್ತಮಾ ಕಂಡುಹಿಡಿಯೋಕೆ ಡಾಕ್ಟರ ಕಿವಿ ಮತ್ತೆ ಒಂದು ಊದೋ ಮೆಷಿನ್ನು ಬಿಟ್ಟರೆ ಹೆಚ್ಚೇನೂ ಇರಲಿಲ್ಲ. ಆಮೇಲೆ ಕಫ ತೆಗೆಸಿ ಮೈಕ್ರೋಸ್ಕೋಪಲ್ಲಿ ನೋಡೋದು ಬಂತು. ಅಲರ್ಜಿ ಇದ್ದವರ ಕಫದಲ್ಲಿ ಒಂದು ಜಾತಿ ಬಿಳಿ ರಕ್ತಕಣ ಗುಂಪುಗುಂಪಾಗಿ ಕೂತಿರುತ್ತೆ, ಅದನ್ನ ಎಣಿಸಬೇಕು.

ಎಣಿಸೋದೇನೂ ದೊಡ್ಡ ಕಷ್ಟ ಅಲ್ಲ, ಕಫ ತೆಗೆಸೋದೇ ಹರಸಾಹಸ. ಉಪ್ಪುನೀರಿನ ಹಬೆ ಕೊಟ್ಟು "ಎದೆಯಿಂದ ಕೆಮ್ಮಿ ತೆಗೀರಿ" ಅಂದ್ರೆ, ನಮ್ಮ ಜನ ಮರ್ಯಾದಸ್ಥರು ನೋಡಿ, ಬಾಯಿಗೆ ಸೆರಗು ಅಡ್ಡ ಇಟ್ಕೊಂಡು ಎಂಜಲು ಕೊಡೋರು. ಬನಶಂಕರಿಯಿಂದ ಬಂದ ಒಬ್ಬ ಸೊಸೆಗೆ ಎಷ್ಟು ಹಬೆ ಕೊಟ್ಟರೂ ಕೆಮ್ಮೇ ಬರಲೊಲ್ಲದು. ಕೊನೆಗೆ ಕಿವಿಯಲ್ಲಿ ಹೇಳಿದಳು, "ಹೊರಗೆ ಮಾವನೋರು ಕೂತಿದಾರೆ ಆಂಟಿ." ಸರಿ, ಮಾವನವರನ್ನ ಕಾಫಿಗೆ ಅಟ್ಟಿದೆ. ಸೊಸೆ ಕೆಲಸ ಆಯ್ತು. ಅಷ್ಟರಲ್ಲಿ ಮಾವ ವಾಪಸ್ ಬಂದು ಮೆಟ್ಟಿಲ ಮೇಲೆ ನಿಂತು ಕೆಮ್ಮಿದರು ನೋಡಿ, ಇಡೀ ಫ್ಲೋರು ತಿರುಗಿ ನೋಡಿತು. ಅವರನ್ನೂ ಒಳಗೆ ಕೂರಿಸಿದೆ. ಸೊಸೆದು ಏನೂ ಇರಲಿಲ್ಲ, ಬರೀ ನೆಗಡಿ. ಮಾವನಿಗೆ ಆಸ್ತಮಾ.

ಇದಾದಮೇಲೆ ನಮಗೆ ಬಾಸ್ ಆಗಿ ಡಾಕ್ಟರ್ ವಸುಧಾ ಬಂದ್ರು. ಒಳ್ಳೇ ಮನುಷ್ಯೆ, ಒಳ್ಳೇ ಡಾಕ್ಟರು, ಆದರೆ ಥಿಯರಿ ಹುಚ್ಚು. ಬೆಳಗ್ಗೆ ಒಂದು ಥಿಯರಿ, ಊಟ ಆದಮೇಲೆ ಇನ್ನೊಂದು. ರಕ್ತದಲ್ಲಿ ಪ್ರೋಟೀನು ನೋಡಿ ಆಸ್ತಮಾ ಅಳೆಯೋ ಪದ್ಧತಿಯನ್ನ ನಮ್ಮಲ್ಲಿ ಶುರು ಮಾಡಿದ್ದೇ ಅವರು.

"ಗಿರಿಜಾ, ಆಸ್ತಮಾ ಅನ್ನೋದು ಒಂದೇ ಕಾಯಿಲೆ ಅಲ್ಲ ಕಣ್ರೀ" ಅಂದ್ರು. "ನಮ್ಮ ಆಸ್ಪತ್ರೇಲಿ ಮೂರು ಜನ ಮಂಜುಳ ಇಲ್ವಾ? ಹೆಸರು ಒಂದೇ, ಒಬ್ಬಳು ನರ್ಸು, ಒಬ್ಬಳು ಕ್ಯಾಷಿಯರು, ಒಬ್ಬಳು ಯಾವಾಗ್ಲೂ ರಜ. ಹಾಗೆ. ಬಂದಿರೋದು ಯಾವ ಮಂಜುಳ ಅಂತ ಮೊದ್ಲು ಗೊತ್ತಾಗ್ಬೇಕು."

ಅದನ್ನ ಹೇಳೋ ಪ್ರೋಟೀನುಗಳಲ್ಲಿ ಒಂದರ ಹೆಸರು ಪೆರಿಯೋಸ್ಟಿನ್. ಅಲರ್ಜಿಯಿಂದ ಶ್ವಾಸನಾಳದ ಒಳಗೋಡೆ ಕೆರಳಿ ಊದಿಕೊಂಡಾಗ ಇದು ರಕ್ತಕ್ಕೆ ಜಾಸ್ತಿ ಇಳಿಯುತ್ತೆ. ಏರಿದ್ದರೆ, ಎಳೆದುಕೊಳ್ಳೋ ಸ್ಟೀರಾಯ್ಡ್ ಔಷಧಿ, ಅಂದ್ರೆ ಇನ್ಹೇಲರು, ಚೆನ್ನಾಗಿ ಹಿಡಿಯೋ ಜಾತಿ ಆಸ್ತಮಾ ಇರಬಹುದು ಅಂತ ಅರ್ಥ. ಏರದೇ ಇದ್ದರೆ ಬೇರೆ ದಾರಿ ಹುಡುಕಬೇಕು. ಹಾಗಂತ ಇದೊಂದನ್ನೇ ನಂಬಿಕೊಂಡು ಯಾವ ಡಾಕ್ಟರೂ ಔಷಧಿ ಬರೆಯಲ್ಲ, ಎಲ್ಲ ಜೊತೆಗಿಟ್ಟು ನೋಡ್ತಾರೆ. ಈ ಪರೀಕ್ಷೆಯ ಕಿಟ್ಟುಗಳಿಗೆ ಅಂತಾನೇ ಒಂದು ಫ್ರಿಜ್ ಬಂತು. "ಇದರಲ್ಲಿ ಊಟ ಇಡಬಾರದು" ಅಂತ ನಾನು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿದೆ. ಮಾರನೇ ದಿನವೇ ಪೆರಿಯೋಸ್ಟಿನ್ ಪಕ್ಕದಲ್ಲಿ ಮೊಸರನ್ನದ ಡಬ್ಬಿ. ಯಾರದು ಅಂತ ಕೂಗಾಡಿದೆ. ಮೇಡಂ ಒಳಗಿಂದ "ದಾಳಿಂಬೆ ಹಾಕಿದೀನಿ, ಬೇಕಾ?" ಅಂದ್ರು.

ಈಗ ನಂಜುಂಡಪ್ಪನ ವಿಷಯಕ್ಕೆ ಬರ್ತೀನಿ. ಇಷ್ಟೂ ಬರೆಯೋಕೆ ಕೂತಿದ್ದು ಅವರಿಗೋಸ್ಕರಾನೇ.

ನಂಜುಂಡಪ್ಪ ಹೊಸಕೆರೆಹಳ್ಳಿಯ ವಾಲಗದವರು. ಅಣ್ಣ ನಂಜುಂಡಪ್ಪ ನಾದಸ್ವರ, ತಮ್ಮ ಸಿದ್ದರಾಜು ಡೋಲು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಮೊದಲು ಇವರಿಬ್ಬರನ್ನ ಗೊತ್ತುಮಾಡಿ ಆಮೇಲೆ ಛತ್ರ ಹುಡುಕೋರು. ಅಂಥವರು ಒಂದು ದಿನ ಬಂದು, ಬೆಳಗಿನ ಜಾವ ಎದೆ ಕುಯ್ ಅನ್ನುತ್ತೆ, ಮೆಟ್ಟಿಲು ಹತ್ತಿದರೆ ಏದುಸಿರು ಅಂದ್ರು. ಊದೋ ಮೆಷಿನ್ನಿನ ಮುಂದೆ ಕೂರಿಸಿದೆ.

ಮನುಷ್ಯ ಮೆಷಿನ್ನನ್ನ ಮೇಲೆ ಕೆಳಗೆ ನೋಡಿದ್ರು. ಶಲ್ಯದಲ್ಲಿ ತುಟಿ ಒರೆಸಿಕೊಂಡ್ರು. ಕಣ್ಣು ಮುಚ್ಚಿ, ಕೈಮುಗಿದು, ಕೊಳವೆ ಬಾಯಿಗಿಟ್ಟು ಊದಿದ್ರು ನೋಡಿ! ನಾನು "ಸಾಕು" ಅಂದೆ. ನಿಲ್ಲಿಸಲಿಲ್ಲ. "ಸಾಕು ಸ್ವಾಮಿ" ಅಂತ ಭುಜ ತಟ್ಟಿದೆ. ಕೈಯಲ್ಲೇ ಇರಿ ಅಂತ ಸನ್ನೆ ಮಾಡಿ ಇನ್ನೂ ಒಂದಷ್ಟು ಊದಿ ನಿಧಾನಕ್ಕೆ ಇಳಿಸಿದ್ರು. ಕ್ಯೂನಲ್ಲಿದ್ದವರು ಚಪ್ಪಾಳೆ ತಟ್ಟಿದ್ರು. ಮೆಷಿನ್ನು ಇವರಿಗೆ ಏನೂ ಆಗಿಲ್ಲ, ಆಗೋದೂ ಇಲ್ಲ ಅನ್ನೋ ಹಾಗೆ ಗೀಟು ಎಳೆದಿತ್ತು.

"ಪೀಪಿ ಸ್ವಲ್ಪ ಅಗಲ ಆಯ್ತು ಮೇಡಮ್ಮೋರೆ, ಇಲ್ದಿದ್ರೆ ಇನ್ನೂ ಚೆನ್ನಾಗಿ ಬರ್ತಿತ್ತು" ಅಂದ್ರು.

ಜೀವಮಾನವಿಡೀ ಊದಿ ಪಳಗಿದವರ ಮುಂದೆ ಆ ಮೆಷಿನ್ನು ಏನು ತಾನೇ ಮಾಡೀತು? ಅದಕ್ಕೇ ಮೇಡಂ "ರಕ್ತ ತಗೊಳ್ಳಿ, ಪ್ರೋಟೀನು ಸುಳ್ಳು ಹೇಳಲ್ಲ" ಅಂದ್ರು. ನಾನು ಸೂಜಿ ಹಾಕುವಾಗ ನಂಜುಂಡಪ್ಪ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ್ರು. ಹೊರಗೆ ಬೆಂಚಿನ ಮೇಲೆ ತಮ್ಮ ಸಿದ್ದರಾಜು ಕೂತಿದ್ದ.

"ನನ್ನ ತಮ್ಮಂಗೆ ಏನೂ ಹೇಳ್ಬೇಡಿ. ಅವನ ಮಗ ಸ್ಯಾಕ್ಸಫೋನ್ ಕಲ್ತಿದಾನೆ. ನಂಗೆ ಉಸಿರು ಸಾಲ್ತಿಲ್ಲ ಅಂತ ಗೊತ್ತಾದ್ರೆ ನಾಳೆನೇ ಮಗನ್ನ ತಂದು ನನ್ನ ಜಾಗದಲ್ಲಿ ಕೂರಿಸ್ತಾನೆ. ನಾನು ಮೂಲೇಲಿ ಶ್ರುತಿಪೆಟ್ಟಿಗೆ ಇಟ್ಕೊಂಡು ಕೂರ್ಬೇಕು. ಅದಕ್ಕಿಂತ ಸಾಯೋದು ವಾಸಿ."

"ಹಂಗೆಲ್ಲ ಅನ್ಬಾರ್ದು, ಕೈ ಅಲ್ಲಾಡಿಸ್ಬೇಡಿ" ಅಂದೆ. ಆದರೂ ನನಗೂ ಆ ತಮ್ಮನ ಮೇಲೆ ಅನುಮಾನ ಬಂತು. ಮಾತಿಲ್ಲ ಕತೆಯಿಲ್ಲ, ಬರೋದು, ಕೂರೋದು, ಅಣ್ಣನ ಎದೇನೇ ದಿಟ್ಟಿಸೋದು. ಗಂಟುಮುಖ.

ವೈಶಾಖದಲ್ಲಿ ತೆಗೆದ ರಕ್ತ ಅದು. ಪೆರಿಯೋಸ್ಟಿನ್ ನಾರ್ಮಲ್ ಬಂತು. ಅಲರ್ಜಿ ಜಾತಿಯಲ್ಲ ಅಂತ ಮೇಡಂ ಬರೀ ಉಸಿರಿನ ವ್ಯಾಯಾಮ ಬರೆದುಕೊಟ್ರು. ಆಷಾಢದಲ್ಲಿ ಮನುಷ್ಯ ಉಸಿರಿಗೆ ತಡಕಾಡ್ತಾ ಬಂದ್ರು. ಮತ್ತೆ ರಕ್ತ ತೆಗೆದೆ. ಪ್ರೋಟೀನು ಆಕಾಶಕ್ಕೇರಿತ್ತು. ನನ್ನ ಕೈಗುಣವೇ ಸರಿಯಿಲ್ಲ ಅಂದುಕೊಂಡು ಇನ್ನೊಂದು ಸಲ ಮಾಡಿದೆ. ಅಷ್ಟೇ ಬಂತು. ಮೇಡಂ ಔಷಧಿ ಶುರು ಮಾಡೋಣ ಅನ್ನುವಷ್ಟರಲ್ಲಿ ಶ್ರಾವಣ ಬಂತು, ಆಸಾಮಿ ನಾಪತ್ತೆ. ಕಾರ್ತಿಕದಲ್ಲಿ ಬಂದ್ರು, ಪ್ರೋಟೀನು ಪಾಪದ ಹಸುವಿನ ಹಾಗೆ ನಾರ್ಮಲ್. ಮುಂದಿನ ಆಷಾಢಕ್ಕೆ ಮತ್ತೆ ಆಕಾಶ.

ಮೇಡಂಗೆ ಇಷ್ಟು ಸಾಕಾಯ್ತು. "ಗಿರಿಜಾ, ಆಷಾಢದ ಗಾಳಿ! ಹೊಸಕೆರೆಹಳ್ಳಿ ಕೆರೆ ಸುತ್ತ ಕಾಂಗ್ರೆಸ್ ಗಿಡ ಬೆಳೆದಿದೆ, ಅದರ ಪರಾಗ ಗಾಳೀಲಿ ಬಂದು ಇವರ ಮೂಗಿಗೆ ಹೋಗ್ತಿದೆ" ಅಂದ್ರು. ಯಾವುದೋ ಕಾನ್ಫರೆನ್ಸಿಗೆ ಸ್ಲೈಡು ಮಾಡೋಕೆ ಕೂತರು. ಅದರಲ್ಲಿ ಕೆರೆ, ಗಿಡ, ಬಾಣದ ಗುರುತು ಹಾಕಿದ ಗಾಳಿ, ಮಧ್ಯದಲ್ಲಿ ಮೂಗು ಅರಳಿಸ್ಕೊಂಡು ನಂಜುಂಡಪ್ಪ. ಅವರನ್ನ ಕರೆದು "ಆಷಾಢ ಮುಗಿಯೋವರೆಗೆ ಅರೆಕೆರೆಯಲ್ಲಿರೋ ಮಗಳ ಮನೇಲಿ ಇರಿ" ಅಂತ ಹುಕುಂ ಮಾಡಿದ್ರು. ಪಾಪ, ಹೋದ್ರು. ಮಗಳ ಮನೇಲಿ ಎರಡು ಬೆಕ್ಕು. ಒಂದೇ ವಾರಕ್ಕೆ ಮೊದಲಿಗಿಂತ ಕೆಟ್ಟದಾಗಿ ಏದುಸಿರು ಬಿಡ್ತಾ ವಾಪಸ್ ಬಂದ್ರು.

"ನೋಡಿದ್ರಾ ಗಿರಿಜಾ? ಗಾಳಿ ಅರೆಕೆರೆಗೂ ಹೋಗಿದೆ!" ಅಂದ್ರು ಮೇಡಂ. ಸ್ಲೈಡಲ್ಲಿ ಬಾಣ ಉದ್ದ ಮಾಡಿದ್ರು.

ಮುಂದಿನ ವೈಶಾಖದಲ್ಲಿ ನನ್ನ ತಂಗಿ ಮಗಳ ಮದುವೆ. ಜೆಪಿ ನಗರದ ಛತ್ರ. ನಾನು ರೇಷ್ಮೆ ಸೀರೆ ಉಟ್ಟು, ದೊಡ್ಡಮ್ಮ ಅನ್ನೋ ಗತ್ತಲ್ಲಿ ಮುಂದಿನ ಸಾಲಲ್ಲಿ ಕೂತಿದ್ದೆ. ವೇದಿಕೆ ಪಕ್ಕ ನೋಡ್ತೀನಿ, ನಮ್ಮ ನಂಜುಂಡಪ್ಪ! ಪುರೋಹಿತರು ಅಂತರಪಟ ಹಿಡಿಸ್ತಾ ಇದ್ರು. ತಮ್ಮ ಸಿದ್ದರಾಜು ಆ ಕಡೆ ತಿರುಗಿ ಡೋಲಿನ ಹಗ್ಗ ಬಿಗಿ ಮಾಡ್ತಿದ್ದ. ಈ ಪುಣ್ಯಾತ್ಮ ಎಲೆಅಡಿಕೆ ಚೀಲದಿಂದ ಬಿಳೀ ಮಾತ್ರೆ ಎರಡು ತೆಗೆದು ಬಾಯಿಗೆ ಎಸೆದುಕೊಂಡು ಕಾಫಿ ಕುಡಿದ್ರು.

ಲ್ಯಾಬಿನ ಬುದ್ಧಿ ರೇಷ್ಮೆ ಸೀರೆ ಉಟ್ಟರೆ ಹೋಗುತ್ತಾ? ಎದ್ದು ಸೀದಾ ವೇದಿಕೆ ಹತ್ತಿದೆ.

"ಏನ್ರೀ ಅದು ನುಂಗಿದ್ದು?"

"ಓಹೋಹೋ, ಮೇಡಮ್ಮೋರು! ಇದಾ? ಮುಹೂರ್ತದ ಮಾತ್ರೆ."

"ಹಂಗಂದ್ರೆ?"

"ನಮ್ಮ ಬೀದಿ ಮೆಡಿಕಲ್ ಸ್ಟೋರಲ್ಲಿ ಕೊಡ್ತಾರೆ. ಮದುವೆ ಹಿಂದಿನ ದಿನದಿಂದ ತಗೊಂಡ್ರೆ ಎದೆ ಬಯಲಾಗ್ಬಿಡುತ್ತೆ, ಗಟ್ಟಿಮೇಳಕ್ಕೆ ಉಸಿರು ಸಾಕಾಗುತ್ತೆ. ಇದಿಲ್ದೆ ನಾನು ಛತ್ರದ ಮೆಟ್ಟಿಲು ಹತ್ತಲ್ಲ."

ಮಾತ್ರೆ ಸ್ಟ್ರಿಪ್ ಕಿತ್ಕೊಂಡು ಹಿಂದಿದ್ದ ಹೆಸರು ಓದಿದೆ. ಸ್ಟೀರಾಯ್ಡು. ನನಗೆ ತಲೆ ಗಿರ್ ಅಂತು. "ರಕ್ತ ಕೊಡೋಕೆ ಬರುವಾಗ್ಲೂ ತಗೊಂಡಿರ್ತೀರಾ?"

"ಸೀಸನ್ನಲ್ಲಿ ದಿನಾ ಒಂದು ಮದುವೆ, ತಗೊಂಡೇ ಇರ್ತೀನಲ್ಲ. ಆಷಾಢದಲ್ಲಿ ಮದುವೆ ಇಲ್ಲ, ಆವಾಗ ಯಾಕೆ ಸುಮ್ನೆ ವೇಸ್ಟು?"

ಅಯ್ಯೋ ದೇವರೇ! ಆ ಮಾತ್ರೆ ಕೆರಳಿದ್ದನ್ನೆಲ್ಲ ತಣ್ಣಗೆ ಮಾಡುತ್ತೆ, ಪ್ರೋಟೀನನ್ನೂ ಇಳಿಸುತ್ತೆ. ಗಾಳಿಯೂ ಇಲ್ಲ, ಕಾಂಗ್ರೆಸ್ ಗಿಡವೂ ಇಲ್ಲ. ಮದುವೆ ಇದ್ದಾಗ ನಾರ್ಮಲ್ಲು, ಮದುವೆ ಇಲ್ಲದಾಗ ಕಾಯಿಲೆ. ನಾವು ಇಷ್ಟು ದಿನ ಆ ಕಿಟ್ಟುಗಳಲ್ಲಿ ಅಳೀತಾ ಇದ್ದಿದ್ದು ಪಂಚಾಂಗಾನ!

"ನಿಮಗೆ ಬುದ್ಧಿ ಇದೆಯೇನ್ರೀ?" ಅಂತ ಶುರು ಮಾಡಿದೆ. ಮಧ್ಯದಲ್ಲಿ ಪುರೋಹಿತರು "ಗಟ್ಟಿಮೇಳ, ಗಟ್ಟಿಮೇಳ" ಅಂತ ಕೈ ಎತ್ತಿದ್ರು. ಡೋಲು ನನ್ನ ಕಿವಿ ಪಕ್ಕದಲ್ಲೇ ಸಿಡೀತು. ನಾನು ನಿಲ್ಲಿಸಲಿಲ್ಲ. ಈಗಲೂ ಆ ಮದುವೆ ವಿಡಿಯೋ ಹಾಕಿದ್ರೆ, ಮುಂದೆ ಅಳಿಯ ತಾಳಿ ಕಟ್ತಾ ಇದಾನೆ, ಹಿಂದೆ ನಾನು ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ವಾಲಗದವರಿಗೆ ಬೆರಳು ತೋರಿಸಿ ಬೈತಾ ಇದೀನಿ. ನನ್ನ ತಂಗಿ ಇನ್ನೂ ಕ್ಷಮಿಸಿಲ್ಲ.

ಮಾರನೇ ದಿನ ಮೇಡಂಗೆ ಹೇಳಿದೆ. ಮೊದಲು ಮುಖ ಪೆಚ್ಚಾಯ್ತು. ಆಮೇಲೆ ರಿಸೆಪ್ಷನ್ನಿನ ಗೋಡೆಯಿಂದ ಪಂಚಾಂಗದ ಕ್ಯಾಲೆಂಡರ್ ಕಿತ್ತುಕೊಂಡು ಬಂದು ರಿಪೋರ್ಟುಗಳ ಪಕ್ಕ ಹರಡಿದ್ರು. ನಗು ಶುರುವಾಯ್ತು. ಕಣ್ಣಲ್ಲಿ ನೀರು ಬರೋವರೆಗೂ ನಕ್ಕರು. "ಅಷ್ಟು ಚೆಂದದ ಬಾಣ ಬಿಡಿಸಿದ್ನಲ್ಲ ಗಿರಿಜಾ!" ಅಂತ ಮತ್ತೆ ನಕ್ಕರು. ತಕ್ಷಣ ಫೋನ್ ಮಾಡಿ ನಂಜುಂಡಪ್ಪನನ್ನ ಕರೆಸಿದ್ರು. ಆಗ ಒಂದಿಷ್ಟೂ ನಗಲಿಲ್ಲ.

"ಆಷಾಢದ ನಂಬರೇ ನಿಜ ನಂಜುಂಡಪ್ಪನೋರೆ. ನಿಮಗಿರೋದು ಅಲರ್ಜಿ ಆಸ್ತಮಾ. ಈ ಮಾತ್ರೆ ಅದನ್ನ ಮುಚ್ಚಿಡ್ತಿತ್ತು ಅಷ್ಟೆ. ಹೀಗೆ ಕಂಡಾಪಟ್ಟೆ ನುಂಗಿದ್ರೆ ಶುಗರ್ ಏರುತ್ತೆ, ಮೂಳೆ ಸವೆಯುತ್ತೆ, ಮುಖ ಊದ್ಕೊಳುತ್ತೆ."

"ಮುಖ ತುಂಬ್ಕೊಂಡಿದೆ ಅಂತ ಮನೇಲಿ ಖುಷಿ ಪಡ್ತಿದ್ರು ಮೇಡಂ" ಅಂದ್ರು ನಂಜುಂಡಪ್ಪ ಮೆಲ್ಲಗೆ.

ಆ ಮಾತ್ರೇನ ತಟ್ಟನೆ ಬಿಡೋದೂ ಅಪಾಯ. ಮೇಡಂ ಸ್ವಲ್ಪಸ್ವಲ್ಪವಾಗಿ ಇಳಿಸ್ತಾ, ಜೊತೆಗೆ ದಿನಾ ಇನ್ಹೇಲರು ಬರೆದ್ರು. ಇನ್ಹೇಲರ್ ಹೇಳಿಕೊಡೋ ಕೆಲಸ ನನ್ನದು. ಬಾಯಿಗಿಡಿ, ಒತ್ತಿ ಅಂದೆ. ಮಹಾನುಭಾವರು ಬಾಯಿಗಿಟ್ಟು ಊದಿದ್ರು! ಔಷಧಿಯೆಲ್ಲ ಹೊಗೆಯಾಗಿ ನನ್ನ ಕನ್ನಡಕದ ಮೇಲೆ.

"ಊದೋದಲ್ಲ ಸ್ವಾಮಿ, ಎಳ್ಕೊಳ್ಳಿ!"

"ನಮ್ಮ ವಂಶದಲ್ಲೇ ಯಾರೂ ಎಳ್ಕೊಂಡಿಲ್ಲ ಮೇಡಮ್ಮೋರೆ."

"ಊದೋಕೆ ಮುಂಚೆ ಉಸಿರು ತುಂಬ್ಕೊತೀರಲ್ಲ, ಆ ಉಸಿರಲ್ಲಿ ಒಳಗೆ ತಗೊಳ್ಳಿ. ಆಮೇಲೆ ವಾದ್ಯ ಶುರು ಮಾಡ್ಬೇಡಿ, ಹಂಗೇ ಹಿಡ್ಕೊಳ್ಳಿ."

ಅದು ಅರ್ಥ ಆಯ್ತು. ಆಮೇಲೆ ನನ್ನ ಸರ್ವೀಸಲ್ಲೇ ಅಷ್ಟು ಲಕ್ಷಣವಾಗಿ ಇನ್ಹೇಲರ್ ಎಳೆದವರನ್ನ ನಾನು ನೋಡಿಲ್ಲ.

ಆದರೆ ಒಂದು ವಿಷಯಕ್ಕೆ ಮಾತ್ರ ಮನುಷ್ಯ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ನಿಮ್ಮ ತಮ್ಮಂಗೆ ಹೇಳಿಬಿಡಿ, ಜೊತೇಲಿರೋರಿಗೆ ಗೊತ್ತಿರ್ಬೇಕು" ಅಂದ್ರು ಮೇಡಂ. "ಅವನೊಬ್ಬನಿಗೆ ಬೇಡ" ಅಂತ ಕೈಮುಗಿದ್ರು. ಒಂದು ದಿನ ಆ ತಮ್ಮನೇ ನನ್ನ ಕಿಟಕಿ ಹತ್ತಿರ ಬಂದು "ಮೇಡಂ, ನಮ್ಮಣ್ಣ ಹೇಗಿದಾರೆ?" ಅಂತ ಕೇಳ್ದ. "ಅವರನ್ನೇ ಕೇಳಿ" ಅಂದೆ ಗಡುಸಾಗಿ. "ಅವರು ಹೇಳಲ್ಲ" ಅಂದು ಹೋಗಿ ಬೆಂಚಿನ ಮೇಲೆ ಕೂತ. ಎಷ್ಟು ಅವಸರ ನೋಡು ಇವನಿಗೆ ಅಂತ ನಾನು ಒಳಗೇ ಬೈಕೊಂಡೆ.

ಶ್ರಾವಣ ಬಂತು. ರಕ್ತ ತೆಗೆದೆ. ಮಾತ್ರೆ ಪೂರ್ತಿ ನಿಂತಿತ್ತು, ಆದರೂ ಪ್ರೋಟೀನು ಇಳಿದಿತ್ತು. ಮೇಡಂ ಕುಣಿಯೋದೊಂದು ಬಾಕಿ. ನಂಜುಂಡಪ್ಪನ ಮುಖದಲ್ಲಿ ಮಾತ್ರ ಕಳೆ ಇರಲಿಲ್ಲ.

"ನಾಡಿದ್ದು ಕುಮಾರಸ್ವಾಮಿ ಲೇಔಟಲ್ಲಿ ಮದುವೆ. ಮುಹೂರ್ತದ ಮಾತ್ರೆ ಇಲ್ದೆ ಇದೇ ಮೊದ್ಲು. ರಕ್ತದಲ್ಲಿ ಏನಾದ್ರೂ ಇರ್ಲಿ ಮೇಡಮ್ಮೋರೆ, ಗಟ್ಟಿಮೇಳದ ಮಧ್ಯದಲ್ಲಿ ಉಸಿರು ಕೈಕೊಟ್ರೆ ಅಲ್ಲಿಗೆ ಮುಗೀತು. ಸಭೇಲಿ ಮಾನ ಹೋದ್ಮೇಲೆ ಮತ್ತೆ ವಾದ್ಯ ಮುಟ್ಟಲ್ಲ, ತಮ್ಮನ ಕೈಗೇ ಕೊಟ್ಬಿಡ್ತೀನಿ" ಅಂದ್ರು.

ಅವರು ಹೋದಮೇಲೆ ಮೇಡಂ ನನ್ನ ಮುಖ ನೋಡಿದ್ರು, ನಾನು ಅವರ ಮುಖ ನೋಡಿದೆ. ಮದುವೆ ದಿನ ಬೆಳಗ್ಗೆ ಇಬ್ಬರೂ ಸೀರೆ ಉಟ್ಟು ಛತ್ರದ ಬಾಗಿಲಲ್ಲಿದ್ವಿ. ಪನ್ನೀರು ಚಿಮುಕಿಸ್ತಿದ್ದ ಹೆಂಗಸು "ಗಂಡಿನ ಕಡೆಯೋರಾ, ಹೆಣ್ಣಿನ ಕಡೆಯೋರಾ?" ಅಂದಳು. ಮೇಡಂ ಥಟ್ಟನೆ "ವಾಲಗದ ಕಡೆ" ಅಂದ್ರು.

ವೇದಿಕೆಗೆ ಹತ್ತಿರವಾಗಿ ಕೂತ್ವಿ. ನಂಜುಂಡಪ್ಪ ನಮ್ಮನ್ನ ನೋಡಿದ್ರು, ನಗಲಿಲ್ಲ. ಅಂತರಪಟ ಸರೀತು. ಪುರೋಹಿತರು ಕೈ ಎತ್ತಿದ್ರು. ಗಟ್ಟಿಮೇಳ! ಮೇಡಂ ನನ್ನ ಕೈ ಹಿಡ್ಕೊಂಡ್ರು, ಉಗುರು ನಾಟೋ ಹಾಗೆ. ನಾದಸ್ವರ ಏರ್ತಾ ಹೋಯ್ತು, ಡೋಲು ಜೊತೆಗೆ ಓಡ್ತು. ನಾನು ಅವರ ಎದೆ ನೋಡ್ತಾ ನನ್ನ ಉಸಿರು ಬಿಗಿಹಿಡ್ಕೊಂಡು ಕೂತಿದ್ದೆ.

ಇದ್ದಕ್ಕಿದ್ದ ಹಾಗೆ ಡೋಲು ನಿಂತುಬಿಡ್ತು. ನಾದಸ್ವರ ನಿಲ್ಲಲಿಲ್ಲ.

ಇನ್ನೂ ಮೂರನೇ ಗಂಟು ಬಿದ್ದಿರಲಿಲ್ಲ. ಪುರೋಹಿತರು ತಿರುಗಿ ನೋಡಿದ್ರು. ಮದುಮಗನೂ ನೋಡಿದ. ನಾದಸ್ವರ ಒಂದೇ ಆ ಛತ್ರದ ತುಂಬ ಕೂಗ್ತಾ ಇದೆ, ಸಿದ್ದರಾಜು ಕೋಲು ಹಿಡ್ಕೊಂಡು ಬಾಯಿ ಬಿಟ್ಕೊಂಡು ಅಣ್ಣನ್ನೇ ನೋಡ್ತಾ ಇದಾನೆ. ಆಮೇಲೆ ಎಚ್ಚರ ಆದವನ ಹಾಗೆ ದಡಬಡ ಬಾರಿಸಿ ಬಂದು ಕೂಡಿಕೊಂಡ. ಗಂಟು ಬಿತ್ತು. ಅಕ್ಷತೆ ಬಿತ್ತು. ಅದಾದಮೇಲೂ ನಂಜುಂಡಪ್ಪ ಒಂದಷ್ಟು ಊದಿಯೇ ನಿಲ್ಲಿಸಿದ್ದು.

ವಾದ್ಯ ಕೆಳಗಿಟ್ಟವರೇ ತಮ್ಮನ ಮೇಲೆ ಹರಿಹಾಯ್ದರು. "ಯಾಕೋ ಮಧ್ಯದಲ್ಲಿ ನಿಲ್ಲಿಸ್ದೆ? ಸಭೇಲಿ ನನ್ನ ಮಾನ ಕಳೀಬೇಕು ಅಂತಾನಾ?"

ಸಿದ್ದರಾಜು ತಲೆ ತಗ್ಗಿಸಿದ. "ಅಭ್ಯಾಸ ಆಗೋಗಿದೆ ಅಣ್ಣಾ. ಅಷ್ಟೊತ್ತಿಗೆ ನಿನ್ನ ಉಸಿರು ಮುಗೀತಿತ್ತು."

"ಏನಂದೆ?"

"ಮಾತ್ರೆ ತಗೊಂಡ್ರೂ ಇತ್ತೀಚೆಗೆ ಕೊನೇವರೆಗೆ ಬರ್ತಿರ್ಲಿಲ್ಲ ನಿಂಗೆ. ನೀನು ಮೊದ್ಲು ನಿಲ್ಲಿಸಿದ್ರೆ ನಂಜುಂಡಪ್ಪಂಗೆ ಉಸಿರಿಲ್ಲ ಅಂತ ಜನ ಆಡ್ಕೋತಾರೆ. ಅದಕ್ಕೇ ನಾನೇ ಮುಂಚೆ ನಿಲ್ಲಿಸ್ಬಿಡ್ತಿದ್ದೆ. ಡೋಲಿನೋನು ಸರಿಯಿಲ್ಲ ಅಂದ್ರೆ ಅನ್ನಲಿ ಅಂತ."

ನಂಜುಂಡಪ್ಪ ಬಾಯಿ ತೆರೆದ್ರು. ಎದೆ ಮೇಲೆ ಕೆಳಗೆ ಆಗೋಕೆ ಶುರುವಾಯ್ತು, ಗಂಟಲಲ್ಲಿ ಎಂಥದೋ ಸದ್ದು. ಒಂದು ಕೈಯಲ್ಲಿ ತಮ್ಮನ ತೋಳು ಹಿಡ್ಕೊಂಡು ನಿಂತಲ್ಲೇ ಬಗ್ಗಿದ್ರು. ಡಾಕ್ಟರ್ ವಸುಧಾ ಕುರ್ಚಿ ಒದ್ದು ಓಡಿದ್ರು, ವ್ಯಾನಿಟಿ ಬ್ಯಾಗಿಂದ ಇನ್ಹೇಲರ್ ತೆಗೆದು ಅವರ ಬಾಯಿ ಹತ್ತಿರ ಹಿಡಿದ್ರು.

ನಂಜುಂಡಪ್ಪ ಶಲ್ಯದಲ್ಲಿ ಕಣ್ಣು ಒರೆಸಿಕೊಂಡು ಆ ಕೈಯನ್ನ ಮೆಲ್ಲಗೆ ಪಕ್ಕಕ್ಕೆ ಸರಿಸಿದ್ರು.

"ಇದು ಅದಲ್ಲ ಮೇಡಂ" ಅಂದ್ರು.